ಎರಡನೇ ಹಗ್ಗ

"ಪೆಟ್ಟಿಗೆ ಕೊಡು, ಎಲ್ಸಿ."

ಆರು ವರ್ಷದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಇದು!

ಬಸ್ಸು ಅವಳನ್ನು ಇಳಿಸಿ ಹೊರಟುಹೋಗಿತ್ತು. ಇನ್ವರ್‌ಡೂಲಿಯ ಚೌಕದಲ್ಲಿ ಆ ಮಧ್ಯಾಹ್ನ ಇದ್ದವರು ಇಬ್ಬರೇ. ಗ್ಲಾಸ್ಗೋದಿಂದ ಬಂದ ಎಲ್ಸ್‌ಪೆತ್, ಎದುರಿಗೆ ಒದ್ದೆ ಕೋಟಿನ ರೋರಿ. ಉಳಿದ ಊರು ಎಲ್ಲಿತ್ತು ಅಂತೀರಾ? ಕಿಟಕಿ ಪರದೆಗಳ ಹಿಂದೆ! ನಮ್ಮೂರಲ್ಲಿ ನವೆಂಬರ್ ಬಂದರೆ ಮಂಜಿಗೆ ಗುಡ್ಡ ಕಾಣುವುದಿಲ್ಲ. ಆದರೆ ಚೌಕದಲ್ಲಿ ಯಾರು ಯಾರನ್ನು ಮಾತಾಡಿಸಿದರು ಎಂಬುದು ಎಲ್ಲರಿಗೂ ಕಾಣುತ್ತದೆ.

ಎಲ್ಸ್‌ಪೆತ್‌ಳ ಕೈ ಪೆಟ್ಟಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. 'ಇವನೇ ಬರಬೇಕಿತ್ತಾ? ಇವತ್ತೇ?'

"ಮುಟ್ಟಬೇಡ. ನನ್ನ ಪೆಟ್ಟಿಗೆ ನಾನು ಹೊತ್ಕೋತೀನಿ."

"ಈನಾ ಅತ್ತೆ ಕಳಿಸಿದ್ರು. ವ್ಯಾನ್ ತಂದಿದೀನಿ. ಮೇಲೆ ದಾರಿ ಪೂರ್ತಿ ಕೆಸರು..."

"ನಮ್ಮನೆ ದಾರಿ ನಂಗೆ ನೀನು ಹೇಳ್ಕೊಡ್ಬೇಕಾ?"

ರೋರಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಕೈಗೆ ದಪ್ಪ ಉಣ್ಣೆಯ ಗವಸು. ಕಣ್ಣಿನ ಸುತ್ತ ಹೊಸ ಗೆರೆಗಳು ಬಂದಿದ್ದವು. ಅವುಗಳನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನಿಮ್ಮಪ್ಪನ ವಿಷಯ... ಎಲ್ಸಿ, ನಂಗೆ ತುಂಬಾ..."

"ಅಪ್ಪನ ಹೆಸರು ಎತ್ತಬೇಡ! ನಾಡಿದ್ದು ಮಣ್ಣು. ಅದು ಮುಗೀತಿದ್ದ ಹಾಗೆ ಸಂಜೆ ಬಸ್ಸಿಗೆ ಹೊರಟೆ. ಅಲ್ಲಿವರೆಗೂ ನನ್ನ ಕಣ್ಣಿಗೆ ಬೀಳದೆ ಇರು. ಬರಬೇಕಾದ ಜಾಗಕ್ಕೆ ಬರದೆ ಇರೋದು ನಿಂಗೆ ಹೊಸದೇನಲ್ವಲ್ಲ!"

ಅವನ ಮುಖದಲ್ಲಿ ರಕ್ತ ಇಂಗಿಹೋಯಿತು. ಆರು ವರ್ಷದ ಹಿಂದೆಯೂ ಹೀಗೇ ಕಲ್ಲಿನ ಹಾಗೆ ನಿಂತಿದ್ದ.

ಪೆಟ್ಟಿಗೆ ಎತ್ತಿಕೊಂಡು ಅವಳು ಕಣಿವೆಯ ದಾರಿ ಹಿಡಿದಳು.

ದಾರಿ ಮೊದಲು ಚರ್ಚಿನ ಸ್ಮಶಾನದ ಗೋಡೆಯನ್ನು ಬಳಸುತ್ತದೆ. ಆಮೇಲೆ ಹಳ್ಳ ದಾಟಿ ರೋರಿಯ ಮನೆ ಬಾಗಿಲ ಮುಂದೆಯೇ ಹಾದು, ಗುಡ್ಡದ ಬುಡದಲ್ಲಿರುವ ಅವಳ ಅಪ್ಪನ ಮನೆಗೆ ಮುಟ್ಟುತ್ತದೆ. ಬೇರೆ ದಾರಿ ಇಲ್ಲ. ಅವಳು ಇಷ್ಟು ವರ್ಷ ಊರಿಗೆ ಬಾರದೆ ಇದ್ದದ್ದಕ್ಕೆ ಆ ಬಾಗಿಲೇ ಕಾರಣ. ಅಪ್ಪನೇ ಬಸ್ಸು ಹತ್ತಿ ಗ್ಲಾಸ್ಗೋಗೆ ಬರುತ್ತಿದ್ದ. ಪಾರ್ಶ್ವವಾಯು ಹೊಡೆದ ಮೇಲೆ ಅದೂ ನಿಂತು, ಬರೀ ಫೋನ್ ಉಳಿಯಿತು.

ಸ್ಮಶಾನದ ಗೇಟಿನ ಬಳಿ ಅವಳ ಕಾಲು ತಾನಾಗಿ ನಿಂತಿತು. ಒಳಗೆ ಹೇಮಿಶ್ ಮಲಗಿದ್ದ. ಅವಳ ಅಣ್ಣ.

ಹೇಮಿಶ್ ಮತ್ತು ರೋರಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಆರು ವರ್ಷದ ಹಿಂದಿನ ಮಹಾ ಹಿಮದಲ್ಲಿ ಇಬ್ಬರೂ ಗುಡ್ಡದಿಂದ ಕುರಿ ಇಳಿಸಲು ಹೋದಾಗ ಹಿಮ ಕುಸಿದು ಹೇಮಿಶ್ ಅದರಡಿ ಸಿಕ್ಕಿಕೊಂಡ. ರೋರಿ ಅಗೆದು ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ. ಆ ಸಾವಿಗೆ ಎಲ್ಸ್‌ಪೆತ್ ಅವನನ್ನು ಒಂದು ದಿನವೂ ದೂರಲಿಲ್ಲ. ವಸಂತದಲ್ಲಿ ಅವಳಿಗೂ ರೋರಿಗೂ ಮದುವೆ ಎಂದು ನಿಶ್ಚಯವಾಗಿತ್ತು. ಅವನ ಎದೆಯ ಮೇಲೆ ಬಿದ್ದೇ ಅತ್ತಿದ್ದಳು.

ದೂರಿದ್ದು ಹಗ್ಗಕ್ಕೆ.

ನಮ್ಮ ಕಡೆ ಶವಪೆಟ್ಟಿಗೆಯನ್ನು ಪರರ ಕೈಯಲ್ಲಿ ಇಳಿಸುವುದಿಲ್ಲ. ಎಂಟು ಹಗ್ಗ, ಎಂಟು ಜನ. ತಲೆಯ ಕಡೆ ಒಂದನೇ ಹಗ್ಗ, ಅದು ಸ್ವಂತ ರಕ್ತಕ್ಕೆ. ಕಾಲಿನ ಕಡೆ ಎರಡನೆಯದು, ಅದು ರಕ್ತದಷ್ಟೇ ಹತ್ತಿರದವರಿಗೆ. ಹೆಸರು ಕೂಗಿದಾಗ ಮುಂದೆ ಬಂದು ಹಿಡಿಯಬೇಕು. ಮದುವೆಗೆ ಕರೆದಾಗ ಹೋಗದಿದ್ದರೆ ಏನೋ ನೆಪ ಹೇಳಬಹುದು, ಹಗ್ಗಕ್ಕೆ ಕರೆದಾಗ ಹೋಗದವರ ಜತೆ ಮೊಮ್ಮಕ್ಕಳೂ ಮಾತಾಡುವುದಿಲ್ಲ.

ಹೇಮಿಶ್‌ನ ಎರಡನೇ ಹಗ್ಗಕ್ಕೆ ರೋರಿಯ ಹೆಸರು ಕೂಗಿದರು. ಒಮ್ಮೆ ಅಲ್ಲ, ಮೂರು ಸಲ. ರೋರಿ ಬರಲೇ ಇಲ್ಲ! ಏಳೇ ಜನ ಇಳಿಸಿದಾಗ ಪೆಟ್ಟಿಗೆ ಕಾಲಿನ ಕಡೆಗೆ ವಾಲಿತು. ಆ ವಾಲಿದ ಪೆಟ್ಟಿಗೆ ಇವತ್ತಿಗೂ ಅವಳ ಕನಸಿಗೆ ಬರುತ್ತಿತ್ತು.

* * *

"ಬಂದೆಯಾ? ಗ್ಲಾಸ್ಗೋದಲ್ಲಿ ಅನ್ನ ನೀರು ಮಾರೋದಿಲ್ವೇನೇ, ಕಡ್ಡಿ ಆಗಿದೀಯ!"

ಈನಾ ಅತ್ತೆ, ಅಪ್ಪನ ಅಕ್ಕ. ಬೈಯುತ್ತಲೇ ತಬ್ಬಿಕೊಂಡಳು. ಮನೆಯಲ್ಲಿ ಗಡಿಯಾರ ನಿಲ್ಲಿಸಿದ್ದರು. ಕನ್ನಡಿಗೆ ಬಟ್ಟೆ ಹೊದಿಸಿದ್ದರು. ಮುಂದಿನ ಕೋಣೆಯಲ್ಲಿ ಅಪ್ಪ ಶವಪೆಟ್ಟಿಗೆಯೊಳಗೆ ಭಾನುವಾರದ ಸೂಟು ಹಾಕಿಕೊಂಡು ಮಲಗಿದ್ದ. ಕಿಟಕಿ ಹಾರುಹೊಡೆದಿತ್ತು.

ಎಲ್ಸ್‌ಪೆತ್ ಬಹಳ ಹೊತ್ತು ಅತ್ತಳು. ಹೊರಗೆ ಬೆಳಕು ಇಳಿಯತೊಡಗಿದಾಗ ನಡುಗುತ್ತ ಎದ್ದು ಕಿಟಕಿಗೆ ಕೈ ಹಾಕಿದಳು.

"ಮುಚ್ಚಬೇಡ ಕಣೆ!" ಅತ್ತೆ ಬಾಗಿಲಿನಿಂದಲೇ ಕೂಗಿದಳು. "ಮಣ್ಣಾಗೋವರೆಗೂ ತೆಗೆದೇ ಇರಬೇಕು. ಹೋಗೋರಿಗೆ ದಾರಿ ಬೇಡ್ವಾ? ಆಮೇಲೆ ಬೇಕಾದ್ರೆ ಮುಚ್ಕೊ."

ಆಗಲೇ ಅದು ಕೇಳಿಸಿತು.

ಗುಡ್ಡದ ಮೇಲಿಂದ, ಮಂಜಿನೊಳಗಿಂದ... ಒಂದು ಸಿಳ್ಳೆ. ಎರಡು ಉದ್ದ, ಒಂದು ಗಿಡ್ಡ. ಕೊನೆಯ ಸ್ವರ ಮೇಲಕ್ಕೇರಿ, ತುದಿಯಲ್ಲಿ ಒಡೆದು ಎರಡಾಯಿತು.

ಎಲ್ಸ್‌ಪೆತ್‌ಳ ಕೈ ಕಿಟಕಿಯ ಮೇಲೇ ಉಳಿಯಿತು.

ಕುರಿಯವರ ಮನೆಯಲ್ಲಿ ಹುಟ್ಟಿದವಳು ಅವಳು. ಕುರಿ ತಿರುಗಿಸಲು ನಾಯಿಗೆ ಹೊಡೆಯುವ ಸಿಳ್ಳೆ ಒಬ್ಬೊಬ್ಬರದು ಒಂದೊಂದು. ನಾಯಿ ಒಡೆಯನದಕ್ಕೆ ಬಿಟ್ಟು ಬೇರೆಯವರದಕ್ಕೆ ಕಿವಿ ಕೂಡ ಎತ್ತುವುದಿಲ್ಲ. ಹೇಮಿಶ್ ಚಿಕ್ಕವನಿದ್ದಾಗ ಮುಂದಿನ ಹಲ್ಲು ಮುರಿದುಕೊಂಡಿದ್ದ. ಅವನ ಕೊನೆಯ ಸ್ವರ ಮಾತ್ರ ಹಾಗೆ ಒಡೆಯುತ್ತಿತ್ತು. ಈ ಜಗತ್ತಿನಲ್ಲಿ ಅವನದೊಂದೇ!

"ಅತ್ತೆ... ಅದು..."

"ಹೂಂ. ಬಂದ." ಅತ್ತೆ ಅಪ್ಪನ ಕಾಲಿನ ಹೊದಿಕೆ ಸರಿಮಾಡಿದಳು.

"ಯಾರು ಬಂದ?! ಹೇಮಿಶ್ ಸತ್ತು ಆರು ವರ್ಷ ಆಯ್ತು ಅತ್ತೆ!"

"ನಿಮ್ಮಪ್ಪ ಫೋನಲ್ಲಿ ದಿನಾ ಹೇಳ್ತಿರಲಿಲ್ವಾ?"

ಹೇಳುತ್ತಿದ್ದ! 'ಎಲ್ಸಿ, ಹೇಮಿಶ್ ಕುರಿ ಇಳಿಸ್ತಿದಾನೆ. ತಾಳು, ಫೋನ್ ಕಿಟಕಿ ಹತ್ರ ಹಿಡೀತೀನಿ. ಕೇಳಿಸ್ತಾ?' ಅವಳಿಗೆ ಬರೀ ಗಾಳಿ ಕೇಳಿಸುತ್ತಿತ್ತು. ಅಪ್ಪನ ಬುದ್ಧಿ ಹೋಯಿತು ಎಂದುಕೊಂಡು, 'ಸಾಕಪ್ಪಾ' ಎಂದು ಅಳುತ್ತ ಫೋನ್ ಇಟ್ಟುಬಿಡುತ್ತಿದ್ದಳು.

"ಯಾರದು ಅತ್ತೆ? ಹೇಳಿ!"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಗುಡ್ಡ ಎಲ್ಲೂ ಹೋಗಿಲ್ಲ. ನಿಂಗೆ ಕಾಲಿಲ್ವಾ?"

ಕಾಲಿತ್ತು, ಧೈರ್ಯವಿರಲಿಲ್ಲ. ಕತ್ತಲಾಗುವವರೆಗೂ ಆ ಸಿಳ್ಳೆ ಮನೆಯನ್ನು ಸುತ್ತುತ್ತಲೇ ಇತ್ತು. ಪೆಟ್ಟಿಗೆಯೊಳಗಿನ ಅಪ್ಪನ ಮುಖ ಮಾತ್ರ ಅದನ್ನೇ ಆಲಿಸುವಂತೆ ಶಾಂತವಾಗಿತ್ತು.

'ಅಣ್ಣ ಅಪ್ಪನನ್ನು ಕರೆದೊಯ್ಯಲು ಬಂದಿದ್ದಾನೆ. ನನ್ನನ್ನು ಒಂದು ಮಾತೂ ಕೇಳದೆ...'

* * *

ಮರುದಿನ ಬಡಗಿ ಗೆಡಿಸ್ ಬಂದ. ಊರಿನ ಬಾಗಿಲು, ಮಂಚ, ಶವಪೆಟ್ಟಿಗೆ ಎಲ್ಲ ಅವನ ಕೈಯವೇ. ಮಣ್ಣಿನ ದಿನ ಹಗ್ಗದ ಹೆಸರು ಕೂಗುವವನೂ ಅವನೇ.

"ನಿಮ್ಮಪ್ಪ ಎಲ್ಲ ಹೇಳಿಟ್ಟೇ ಹೋಗಿದಾರಮ್ಮ. ಒಂದನೇ ಹಗ್ಗ ನಿಂದು. ಹೆಣ್ಣುಮಗಳು ಅಂತ ಯಾರಾದ್ರೂ ಕೊಂಕು ತೆಗೆದ್ರೆ ಅವರನ್ನೂ ಗುಂಡೀಲಿ ಇಳಿಸು ಅಂದ್ರು!"

ಅವಳು ಅಳುವಿನ ನಡುವೆಯೂ ನಕ್ಕಳು.

"ಎರಡನೇದು..." ಗೆಡಿಸ್ ಟೋಪಿ ತಿರುಗಿಸುತ್ತ ಕೆಮ್ಮಿದ. "ಎರಡನೇದು ರೋರಿಗೆ."

ನಗು ಅಲ್ಲೇ ಸತ್ತಿತು.

"ಬೇಡ."

"ಮಗಳೇ, ಅದು ಸತ್ತೋರ ಮಾತು..."

"ನನ್ನಣ್ಣನ ಹಗ್ಗ ಗಾಳೀಲಿ ಬಿಟ್ಟೋನಿಗೆ ಅಪ್ಪನ ಹಗ್ಗ ಯಾಕೆ? ಆ ಹೆಸರು ಕೂಗಬೇಡಿ ಗೆಡಿಸ್ ಮಾಮ. ಖಾಲಿ ಇರಲಿ. ಖಾಲಿ ಹಗ್ಗ ನಮ್ಮನೆಗೆ ಅಭ್ಯಾಸ ಆಗಿದೆ."

ಗೆಡಿಸ್ ಅತ್ತೆಯ ಮುಖ ನೋಡಿದ, ಅತ್ತೆ ಒಲೆಯ ಮುಖ ನೋಡಿದಳು. ಅವನು ಹೋದ ಮೇಲೆ ಅತ್ತೆ ಮಾಂಸದ ಪೈಗೆ ಹಿಟ್ಟು ನಾದುತ್ತ, ಯಾರಿಗೋ ಎಂಬಂತೆ ಅಂದಳು: "ಸಿಟ್ಟಲ್ಲಿ ಕೊಯ್ಕೊಂಡ ಮೂಗು ಆಮೇಲೆ ಬೇಕು ಅಂದ್ರೆ ಬರುತ್ತಾ?"

ಸಂಜೆಯಾಯಿತು. ಮತ್ತೆ ಅದೇ ಸಿಳ್ಳೆ!

ಈ ಸಲ ಎಲ್ಸ್‌ಪೆತ್ ಅಪ್ಪನ ಕೋಟು ಎಳೆದುಕೊಂಡು ಹೊರಟೇಬಿಟ್ಟಳು. 'ದೆವ್ವವೇ ಆಗಲಿ. ನನ್ನಣ್ಣನ ದೆವ್ವ ತಾನೆ!'

ಕಲ್ಲುಗೋಡೆ ಹತ್ತಿ ಇಳಿದಳು. ಒಣಗಿದ ಜರಿಗಿಡಗಳು ಮಂಡಿಯವರೆಗೆ ಒದ್ದೆ ಮಾಡಿದವು. ಮಂಜಿನಲ್ಲಿ ತನ್ನ ಕೈಯೇ ತನಗೆ ಮಸುಕಾಗಿ ಕಾಣುತ್ತಿತ್ತು. ಸಿಳ್ಳೆ ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದೆ.

"ಹೇಮಿಶ್..." ಅವಳು ಮಂಜಿನೊಳಕ್ಕೆ ಕೂಗಿದಳು. "ಹೇಮಿಶ್! ನಾನು ಕಣೋ... ಎಲ್ಸಿ..."

ಮಂಜಿನೊಳಗಿಂದ ಏನೋ ಓಡಿಬಂತು. ತಗ್ಗಾಗಿ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು. ಕಪ್ಪು ಬಿಳುಪು ಮೈ, ನರೆತ ಮೂತಿ, ತುದಿ ಸೀಳಿದ ಎಡಗಿವಿ.

ಅವಳು ಮಂಡಿಯೂರಿದಳು.

"ನೆಲ್...?"

ಅಣ್ಣನ ನಾಯಿ! ಹೇಮಿಶ್‌ನ ಸಾವಿನ ನಂತರ ಗುಡ್ಡಕ್ಕೆ ಓಡಿಹೋಗಿ ಅಲ್ಲೇ ಸತ್ತಿತು ಎಂದು ಅಪ್ಪ ಹೇಳಿದ್ದ ನೆಲ್! ಆ ನಾಯಿ ಅವಳ ಕೈಗೆ ಬಿಸಿ ಮೂತಿ ಒತ್ತಿ ಕುಂಯ್‌ಗುಟ್ಟಿತು. ದೆವ್ವಕ್ಕೆ ಇಷ್ಟು ಬಿಸಿಯಿರುತ್ತದೆಯೇ?

"ಎಲ್ಸಿ?"

ಕುರಿಗಳ ಹಿಂದೆ ರೋರಿ ನಿಂತಿದ್ದ. ಎರಡು ಬೆರಳು ಇನ್ನೂ ತುಟಿಯ ಬಳಿಯೇ ಇದ್ದವು. ಗವಸು ಇರಲಿಲ್ಲ.

"ನೀನಾ...? ಅವನ ಸಿಳ್ಳೆ... ನೀನಾ ಹೊಡೀತಿರೋದು?"

ಅವನು ಕೈ ಕೆಳಗಿಳಿಸಿದ. "ನೆಲ್ ಬೇರೆ ಯಾರ ಸಿಳ್ಳೆಗೂ ಏಳ್ತಿರಲಿಲ್ಲ. ಊಟ ಬಿಟ್ಟಿತ್ತು. ಇದು ಕಲೀದೆ ಇದ್ರೆ ಸಾಯ್ತಿತ್ತು. ಆ ಕೊನೇ ಒಡಕು ಬರೋಕೆ ಒಂದಿಡೀ ಚಳಿಗಾಲ ಬೇಕಾಯ್ತು."

"ಆಮೇಲೆ?"

"ಆಮೇಲೆ ನಿಮ್ಮಪ್ಪಂಗೆ ಪಾರ್ಶ್ವವಾಯು ಆಯ್ತು. ಕುರಿ ನಾನೇ ನೋಡ್ಕೊಂಡೆ. ಒಂದಿನ ಸಂಜೆ ಮನೆ ಹಿಂದೆ ಇಳಿಸುವಾಗ ಅವರು ಕಿಟಕಿ ತೆಗೆಸಿ ಕೇಳಿದ್ರಂತೆ. ಆವತ್ತು ಚೆನ್ನಾಗಿ ನಿದ್ದೆ ಮಾಡಿದ್ರು ಅಂತ ಅತ್ತೆ ಹೇಳಿದ್ರು. ಆಮೇಲಿಂದ ದಿನಾ ಆ ಕಡೆಯಿಂದಾನೇ ಇಳಿಸ್ತಿದ್ದೆ."

"ಅಪ್ಪಂಗೆ ನೀನು ಅಂತ..."

"ಗೊತ್ತಿತ್ತು. ಬುದ್ಧಿ ಚೆನ್ನಾಗೇ ಇತ್ತು ಎಲ್ಸಿ. ನಿನ್ನ ಹತ್ರ ನನ್ನ ಹೆಸರು ಹೇಳೋ ಹಾಗಿರಲಿಲ್ಲ, ಅಷ್ಟೆ. ಅದಕ್ಕೆ ಹೇಮಿಶ್ ಅಂತಿದ್ರು."

ಕಿಟಕಿಗೆ ಹಿಡಿದ ಫೋನ್... ಅಪ್ಪ ಹುಚ್ಚನಾಗಿರಲಿಲ್ಲ. ಅಪ್ಪ ಅವಳಿಗೆ ಏನನ್ನೋ ಕೇಳಿಸಲು ಒದ್ದಾಡುತ್ತಿದ್ದ!

ಆಗ ಅವಳ ಕಣ್ಣು ಅವನ ಎಡಗೈಗೆ ಬಿತ್ತು. ಕೊನೆಯ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು.

"ಏನಿದು?"

"ಹಿಮ ಕಡೀತು. ಹಳೇದು."

"ಹೇಮಿಶ್‌ನ ಅಗೆದು ತೆಗೆದಾಗ ನಿನ್ನ ಬೆರಳು ಸರಿಯಾಗೇ ಇತ್ತು. ಆ ಕೈ ಹಿಡ್ಕೊಂಡೇ ನಾನು ಅತ್ತಿದ್ದು." ಅವಳು ಒಂದು ಹೆಜ್ಜೆ ಮುಂದಿಟ್ಟಳು. "ನೆಲ್‌ನ ಗುಡ್ಡದಿಂದ ಯಾವತ್ತು ಇಳಿಸಿದೆ ರೋರಿ?"

ಅವನು ಆ ಕೈಯನ್ನು ಕೋಟಿನ ಜೇಬಿಗೆ ತುರುಕಿದ.

"ಯಾವತ್ತು?!"

"...ಶುಕ್ರವಾರ."

ಹೇಮಿಶ್‌ನನ್ನು ಮಣ್ಣು ಮಾಡಿದ್ದು ಶುಕ್ರವಾರ.

ರೋರಿ ನೆಲ ನೋಡುತ್ತ ಹೇಳತೊಡಗಿದ. "ಆವತ್ತು ಬೆಳಿಗ್ಗೆ ನೆಲ್ ಹಗ್ಗ ಕಡ್ಕೊಂಡು ಅವನು ಸತ್ತ ಜಾಗಕ್ಕೇ ಓಡಿಹೋಗಿತ್ತು. ಮತ್ತೆ ಹಿಮ ಶುರುವಾಯ್ತು. ನಿಮ್ಮಪ್ಪ ನನ್ನ ಕೋಟು ಹಿಡ್ಕೊಂಡು ಮಗು ಥರ ಅತ್ತರು. 'ಮಗ ಹೋದ. ಅವನ ನಾಯೀನಾದ್ರೂ ತಂದ್ಕೊಡು' ಅಂದ್ರು. ಹೇಮಿಶ್ ಇದ್ದಿದ್ರೆ ಅವನೂ ಅದನ್ನೇ ಕೇಳ್ತಿದ್ದ. ಮಣ್ಣಿನ ಹೊತ್ತಿಗೆ ಬಂದ್ಬಿಡ್ತೀನಿ ಅಂದ್ಕೊಂಡೆ... ಆಗಲಿಲ್ಲ."

"ಆವತ್ತು ಸಂಜೆ ನಮ್ಮನೆ ಅಂಗಳಕ್ಕೆ ಬಂದಾಗ ಯಾಕೆ ಹೇಳಲಿಲ್ಲ? ನಾನು ಬಾಯಿಗೆ ಬಂದಿದ್ದೆಲ್ಲ ಬೈದೆನಲ್ಲ!"

"ನಿಮ್ಮಪ್ಪ ಹೇಳೋಕೆ ಬಾಯಿ ತೆಗೆದ್ರು. ನಾನು ಬೇಡ ಅಂತ ತಲೆ ಆಡಿಸಿದೆ. ಒಂದು ನಾಯಿಗೋಸ್ಕರ ಅಪ್ಪಾನೇ ಅಣ್ಣನ ಹಗ್ಗ ಖಾಲಿ ಮಾಡಿದ್ರು ಅಂತ ಗೊತ್ತಾದ್ರೆ... ನಿಂಗೆ ಉಳಿದಿದ್ದು ಅಪ್ಪ ಒಬ್ರೇ. ಆ ಸಿಟ್ಟು ನನ್ನ ಮೇಲಿರಲಿ ಅಂದ್ಕೊಂಡೆ. ನಾಲ್ಕು ದಿನಕ್ಕೆ ಇಳಿಯುತ್ತೆ ಅಂತ..."

ಎಲ್ಸ್‌ಪೆತ್ ಅಳಲಿಲ್ಲ. ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು!

"ಯಾರು ಕೇಳಿದ್ರು ನಿನ್ನ ತ್ಯಾಗ? ನಿನ್ನ ಮನೆ ಬಾಗಿಲು ದಾಟಬೇಕಲ್ಲ ಅಂತ ಆರು ವರ್ಷ ಈ ಊರಿಗೆ ಕಾಲಿಡಲಿಲ್ಲ ನಾನು! ಅಪ್ಪನ ಉಳಿಸಿಕೊಟ್ಟೆ ಅಂದ್ಕೊಂಡ್ಯಾ? ಅಪ್ಪ ಸಾಯೋವಾಗ ನಾನು ಪಕ್ಕದಲ್ಲಿರಲಿಲ್ಲ ರೋರಿ! ನಾನಿರಲಿಲ್ಲ!"

"ಗೊತ್ತು." ಅವನ ಕಣ್ಣಲ್ಲಿ ನೀರು ನಿಂತಿತ್ತು. "ನಾನು ತಪ್ಪು ಮಾಡಿದೆ. ದಿನಾ ಗೊತ್ತಾಗ್ತಿತ್ತು. ಗ್ಲಾಸ್ಗೋಗೆ ಎರಡು ಸಲ ಬಂದೆ. ನಿನ್ನ ಬೀದಿ ತುದೀಲಿ ನಿಂತು ವಾಪಸ್ ಬಂದೆ. ಹೇಳಿದ್ರೆ ನಿಮ್ಮಪ್ಪನ್ನ ಹಿಡಿದುಕೊಟ್ಟ ಹಾಗಾಗುತ್ತೆ. ಹೇಳದೆ ಇದ್ರೆ..."

"ನಿನ್ನ ಸಿಳ್ಳೆ ಎಲ್ಲಿ ಹೋಯ್ತು?" ಅವಳು ಥಟ್ಟನೆ ಕೇಳಿದಳು. ಮದುವೆ ನಿಶ್ಚಯವಾಗುವ ಮುಂಚೆ ಹಳ್ಳದ ಬಳಿ ನಿಂತು ಅವಳನ್ನು ಕರೆಯಲು ಅವನು ಹೊಡೆಯುತ್ತಿದ್ದ ಸಿಳ್ಳೆ ಒಂದಿತ್ತು. ಮೃದುವಾಗಿ ಇಳಿಯುವ ಮೂರು ಸ್ವರ.

"ಹೊಡೆದಿಲ್ಲ. ಆಮೇಲೆ ಯಾರನ್ನ ಕರೀಲಿ?"

ಇನ್ನೊಂದು ಕ್ಷಣ ನಿಂತರೆ ಅವನ ತೋಳಿಗೆ ಬಿದ್ದುಬಿಡುತ್ತೇನೆ ಎನಿಸಿತು. ಆದರೆ ಸತ್ತ ಅಪ್ಪ ಕೆಳಗೆ ಒಬ್ಬನೇ ಇದ್ದ. ಅವಳು ತಿರುಗಿ ಇಳಿಯತೊಡಗಿದಳು.

ನೆಲ್ ಅರ್ಧ ದಾರಿ ಅವಳ ಹಿಂದೆ ಬಂತು. ಆಮೇಲೆ ನಿಂತು ಒಮ್ಮೆ ಅವಳನ್ನು, ಒಮ್ಮೆ ಮೇಲೆ ನಿಂತವನನ್ನು ನೋಡಿತು. ಎಲ್ಲಿ ಹೋಗಬೇಕೋ ತಿಳಿಯದೆ ಅಲ್ಲೇ ಕುಳಿತುಬಿಟ್ಟಿತು.

* * *

ಮಣ್ಣಿನ ದಿನ ಊರೆಲ್ಲ ಸ್ಮಶಾನದಲ್ಲಿತ್ತು. ಪಾದ್ರಿಯ ಪ್ರಾರ್ಥನೆ ಮುಗಿಯಿತು. ಗೆಡಿಸ್ ಗಂಟಲು ಸರಿಮಾಡಿಕೊಂಡ.

"ಒಂದನೇ ಹಗ್ಗ. ಎಲ್ಸ್‌ಪೆತ್."

ಅವಳು ತಲೆಯ ಕಡೆ ಬಂದು ನಿಂತಳು. ಯಾರೂ ಕೊಂಕು ತೆಗೆಯಲಿಲ್ಲ. ಗುಂಡಿ ಹತ್ತಿರದಲ್ಲೇ ಇತ್ತಲ್ಲ!

"ಮೂರನೇ ಹಗ್ಗ..."

"ಗೆಡಿಸ್ ಮಾಮ," ಅವಳೆಂದಳು. "ಎರಡು ಮರೆತ್ರಿ."

ಗೆಡಿಸ್ ಅವಳ ಕಡೆ ತಿರುಗಿದ.

"ನೀನೇ ಬೇಡ ಅಂದಿದ್ದೆಯಲ್ಲಮ್ಮ..."

"ಈಗ ಕೂಗಿ. ಆವತ್ತು ಅವನು ಯಾಕೆ ಬರಲಿಲ್ಲ ಅಂತ ನಂಗೆ ಗೊತ್ತಾಯ್ತು. ತಪ್ಪು ಅವನದಲ್ಲ. ಎಲ್ಲರಿಗೂ ಕೇಳಿಸೋ ಹಾಗೆ ಕೂಗಿ."

"ಎರಡನೇ ಹಗ್ಗ! ರೋರಿ!"

ಯಾರೂ ಬರಲಿಲ್ಲ. ಮರದ ಮೇಲೆ ಕಾಗೆಯೊಂದು ಕೂಗಿತು. ಕಾಲಿನ ಕಡೆ ಹಗ್ಗ ಮುಚ್ಚಳದ ಮೇಲೆ ಅನಾಥವಾಗಿ ಬಿದ್ದಿತ್ತು, ಥೇಟ್ ಅಂದಿನ ಹಾಗೆ.

'ನನ್ನ ಕಣ್ಣಿಗೆ ಬೀಳದೆ ಇರು ಅಂದಿದ್ದೆ. ಮಾತು ಕೇಳಿಬಿಟ್ಟನಾ? ದೇವರೇ, ಮತ್ತೆ ತಡವಾಯಿತಾ?'

ಸ್ಮಶಾನದ ಗೋಡೆಯ ಹೊರಗೆ, ಮಂಜಿನಲ್ಲಿ, ಒಂದು ಟೋಪಿ ಕಂಡಿತು. ಹೆಸರು ಕೇಳಿಸಿದ್ದರೂ ಅವನಿಗೆ ನಂಬಿಕೆ ಬಂದಿರಲಿಲ್ಲ. ಅವಳಿಗೆ ಕೂಗಲು ದನಿಯೇ ಇಲ್ಲ! ಅವಳು ಎರಡು ಬೆರಳು ಬಾಯಿಗಿಟ್ಟಳು.

ಎರಡು ಉದ್ದ. ಒಂದು ಗಿಡ್ಡ. ಕೊನೆಯ ಸ್ವರ ಏರಿತು. ಹಲ್ಲು ಮುರಿಯದಿದ್ದರೂ ಅಳುವಿಗೆ ತುದಿಯಲ್ಲಿ ಒಡೆಯಿತು.

ಹೆಣದ ಮುಂದೆ ಸಿಳ್ಳೆ! ಪಾದ್ರಿಯ ಪುಸ್ತಕ ಕೆಳಗೆ ಬಿತ್ತು.

ನೆಲ್ ಮುದಿ ವಯಸ್ಸನ್ನೂ ಮರೆತು ಗೋಡೆ ಹಾರಿ ಬಂತು. ನೇರ ಬಂದು ಪೆಟ್ಟಿಗೆಯ ಕಾಲಿನ ಕಡೆ ಮಲಗಿತು. ಅದರ ಹಿಂದೆ ಗೇಟು ತೆರೆದುಕೊಂಡಿತು. ರೋರಿ ಟೋಪಿ ತೆಗೆದ, ಗವಸು ತೆಗೆದ. ಅರ್ಧ ಬೆರಳಿನ ಕೈ ಮೊದಲ ಬಾರಿಗೆ ಊರಿನ ಎದುರು ಬಯಲಾಯಿತು. ಬಾಗಿ ಎರಡನೇ ಹಗ್ಗ ಎತ್ತಿಕೊಂಡ.

ಉಳಿದ ಹೆಸರುಗಳನ್ನೂ ಕೂಗಿ, ಎಂಟು ಜನ ಇಳಿಸತೊಡಗಿದರು. ಆ ತುದಿ ಈ ತುದಿಯಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡಿಕೊಂಡೇ ಹಗ್ಗ ಬಿಡಬೇಕು, ಇಲ್ಲದಿದ್ದರೆ ಪೆಟ್ಟಿಗೆ ವಾಲುತ್ತದೆ. ಒಮ್ಮೆ ರೋರಿಯ ಕೈಯಿಂದ ಹಗ್ಗ ಜಾರಿ ತಡವರಿಸಿತು. ಎಲ್ಸ್‌ಪೆತ್ ತನ್ನ ಹಗ್ಗ ಬಿಗಿಹಿಡಿದು ಕಾದಳು. ಅವನು ಹಿಡಿತ ಸರಿಮಾಡಿಕೊಂಡು ತಲೆಯಾಡಿಸಿದ ಮೇಲೆಯೇ ಮತ್ತೆ ಬಿಟ್ಟಳು.

ಅಪ್ಪ ವಾಲದೆ, ಸಮವಾಗಿ ನೆಲ ಮುಟ್ಟಿದ.

ಜನವೆಲ್ಲ ಈನಾ ಅತ್ತೆಯ ಪೈ ಮತ್ತು ವಿಸ್ಕಿಯ ಕಡೆ ಹೊರಟಾಗ ಗೇಟಿನ ಬಳಿ ಇಬ್ಬರೇ ಉಳಿದರು. ಮೂರು ಎನ್ನಬೇಕು, ನೆಲ್ ಸೇರಿ.

"ಸಂಜೆ ಬಸ್ಸಿಗೆ ಪೆಟ್ಟಿಗೆ ತರ್ಬೇಕಾ?" ರೋರಿ ಮೆಲ್ಲಗೆ ಕೇಳಿದ.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ."

"ಗೊತ್ತು."

"ಬೇಗ ಹೋಗೋ ಹಾಗೂ ಕಾಣ್ತಿಲ್ಲ. ಗ್ಲಾಸ್ಗೋದಿಂದ ದಿನಾ ಬಂದು ಜಗಳ ಆಡೋಕಾಗುತ್ತಾ? ಇಲ್ಲೇ ಇರ್ಬೇಕಾಗುತ್ತೆ."

ಅವನು ನಕ್ಕನೋ ಅತ್ತನೋ ಅವನಿಗೇ ತಿಳಿಯಲಿಲ್ಲ. ಅವಳು ಆ ಅರ್ಧ ಬೆರಳುಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡಳು.

"ಇವತ್ತು ಕುರಿ ಇಳಿಸ್ತೀಯಾ?"

"ಇಳಿಸ್ಬೇಕು. ಆದ್ರೆ ಮನೆ ಹಿಂದಿಂದ ಬರೋದು ಇನ್ಮೇಲೆ ಬೇಡ ಅಲ್ವಾ... ಕೇಳೋರು ಯಾರಿದಾರೆ?"

"ಬಾ. ನೆಲ್‌ಗೆ ಅಣ್ಣಂದು ಹೊಡಿ. ಕೊನೇಲಿ ಒಂದೇ ಒಂದು ನಿಂದು ಹೊಡಿ. ಹಳೇದು. ಅದು ನಂಗೆ."

"ಒಳಗಿದ್ರೆ ನಿಂಗೆ ಕೇಳಿಸುತ್ತಾ ಎಲ್ಸಿ?"

"ಕಿಟಕಿ ತೆಗೆದೇ ಇಟ್ಟಿರ್ತೀನಿ."